ಕರೆ ಮುಗಿದ ಮೇಲೆ ಬರುವ ಐದು ನಕ್ಷತ್ರಗಳು

ಹಿಮ್ಮಾಹಿತಿ ಕೇಳುವ ಮೊದಲು ಅದು ಯಾಕೆ ಬೇಕು, ಯಾರು ನೋಡುತ್ತಾರೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು ಎಂದು ಬೋಧನಾಭ್ಯಾಸದಲ್ಲಿ ನಮಗೆ ಮತ್ತೆ ಮತ್ತೆ ಹೇಳಿಕೊಡುತ್ತಾರೆ. ನಾವು ಪಾಠಕ್ಕೆ ಬಳಸುವ ವಿಡಿಯೊ ಕರೆಯ ತಂತ್ರಾಂಶಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಕರೆ ಮುಗಿಯುತ್ತಿದ್ದಂತೆ ಪರದೆಯ ಮೇಲೆ ‘ಗುಣಮಟ್ಟ ಹೇಗಿತ್ತು?’ ಎಂಬ ಪ್ರಶ್ನೆ, ಕೆಳಗೆ ಐದು ನಕ್ಷತ್ರಗಳು. ಈ ಸಮೀಕ್ಷೆಯನ್ನು ನಾವು ಯಾರೂ ಕೇಳಿರುವುದಿಲ್ಲ. ಉತ್ತರ ಎಲ್ಲಿಗೆ ಹೋಗುತ್ತದೆ ಎಂಬ ವಿವರ ಆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ.

ಈ ಐದರ ಮಾಪನ ಹೊಸದಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1996ರ ಪಿ.800 ಶಿಫಾರಸಿನಲ್ಲಿ ಇದರ ವಿಧಾನವಿದೆ. ಸದ್ದಿಲ್ಲದ ಕೋಣೆಯಲ್ಲಿ ಕೆಲವರನ್ನು ಕೂರಿಸಿ ಮಾತು ಕೇಳಿಸುತ್ತಾರೆ. ಅವರು ತೀರಾ ಕೆಟ್ಟದ್ದಕ್ಕೆ 1, ಅತ್ಯುತ್ತಮಕ್ಕೆ 5 ಎಂಬಂತೆ ಅಂಕ ಕೊಡುತ್ತಾರೆ. ಆ ಅಂಕಗಳ ಸರಾಸರಿಯೇ ಫಲಿತಾಂಶ. ತಾವು ಪ್ರಯೋಗದಲ್ಲಿ ಭಾಗವಹಿಸುತ್ತಿದ್ದೇವೆ ಎಂಬುದು ಅಲ್ಲಿ ಕುಳಿತವರಿಗೆ ಗೊತ್ತಿರುತ್ತದೆ. ಕರೆಯ ತಂತ್ರಾಂಶಗಳು ಅಂಕ ಕೊಡುವ ಕ್ರಮವನ್ನು ಉಳಿಸಿಕೊಂಡವು, ತಿಳಿಸಿ ಒಪ್ಪಿಸುವ ಹೆಜ್ಜೆಯನ್ನು ಬಿಟ್ಟುಬಿಟ್ಟವು.

ನಕ್ಷತ್ರ ಒಂದೇ ಹೋದರೆ ಎಂಜಿನಿಯರಿಗೆ ಹೆಚ್ಚು ಪ್ರಯೋಜನವಿಲ್ಲ. ಎಷ್ಟು ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದುಹೋದವು, ಧ್ವನಿ ಎಷ್ಟು ತಡವಾಗಿ ತಲುಪಿತು, ವೈಫೈಯೋ ಮೊಬೈಲ್ ಡೇಟಾವೋ, ಯಾವ ಮಾದರಿಯ ಫೋನು ಎಂಬುದರ ಜೊತೆ ಸೇರಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಗೂಢಲಿಪೀಕರಣವಿದೆಯಲ್ಲ ಎಂದು ನಾವು ಸಮಾಧಾನ ಪಡುತ್ತೇವೆ. ಅದು ಕಾಯುವುದು ನಮ್ಮ ಮಾತನ್ನು. ಯಾರು, ಯಾವಾಗ, ಎಷ್ಟು ಹೊತ್ತು ಮಾತಾಡಿದರು ಎಂಬುದು ಅದರ ರಕ್ಷಣೆಯ ಹೊರಗೆ ಉಳಿಯುತ್ತದೆ. ಸಮೀಕ್ಷೆಯ ಟಿಪ್ಪಣಿ ಪೆಟ್ಟಿಗೆಯಲ್ಲಿ ನಾವೇ ಬರೆದದ್ದಂತೂ ಕಂಪನಿಗೆಂದೇ ಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಇಂಟರ್ನ್‌ಶಿಪ್ ಅವಧಿಯಲ್ಲಿ ಹತ್ತನೆಯ ತರಗತಿಗೆ ವಿಡಿಯೊ ಕರೆಯಲ್ಲಿ ಪುನರಾವರ್ತನೆ ಪಾಠ ಮಾಡಿದೆ. ಮರುದಿನ ಒಬ್ಬ ಹುಡುಗಿ, “ಮಿಸ್, ನಿಮಗೆ ಐದು ಸ್ಟಾರ್ ಕೊಟ್ಟಿದೀನಿ, ಬಂತಾ?” ಎಂದು ಕೇಳಿದಳು. ಇನ್ನೊಬ್ಬ ತನ್ನ ಹೆಸರು, ಶಾಲೆಯ ಹೆಸರು ಬರೆದು, ಬೆಳಕಿನ ವಕ್ರೀಭವನ ಇನ್ನೊಮ್ಮೆ ಹೇಳಿ ಎಂದು ಆ ಪೆಟ್ಟಿಗೆಯಲ್ಲೇ ಕೇಳಿದ್ದ. ಇಬ್ಬರೂ ಅದನ್ನು ನನ್ನ ಹಿಮ್ಮಾಹಿತಿ ನಮೂನೆ ಎಂದುಕೊಂಡಿದ್ದರು. ಇಬ್ಬರ ಕೈಯಲ್ಲೂ ಇದ್ದದ್ದು ಅಪ್ಪನ ಫೋನು. ಆ ಹುಡುಗನ ಪ್ರಶ್ನೆ ನನಗೆ ತಲುಪಲಿಲ್ಲ, ಅವನ ಹೆಸರು ಮಾತ್ರ ಗುರುತಿಲ್ಲದವರಿಗೆ ತಲುಪಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು. 18 ವರ್ಷ ತುಂಬದವರೆಲ್ಲ ಅದರ ದೃಷ್ಟಿಯಲ್ಲಿ ಮಕ್ಕಳು. ಅವರ ಪರವಾಗಿ ಒಪ್ಪಬೇಕಾದವರು ಪಾಲಕರು. ಪಾಠ ಮುಗಿದ ಆಯಾಸದಲ್ಲಿ ಮಗುವಿನ ಬೆರಳು ನಕ್ಷತ್ರದ ಮೇಲೆ ಬಿದ್ದರೆ ಅದನ್ನು ತಿಳಿದು ಕೊಟ್ಟ ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಿಮ್ಮಾಹಿತಿ ಇಲ್ಲದೆ ತಂತ್ರಾಂಶ ಸುಧಾರಿಸುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನೆಟ್‌ವರ್ಕ್ ಸಿಗದ ಊರಿನ ಮಗುವಿಗೆ ಮಾತು ತುಂಡುತುಂಡಾಗಿ ಕೇಳಿಸಿದ್ದು ಕಂಪನಿಗೆ ಗೊತ್ತಾಗಲೇಬೇಕು. ಅದಕ್ಕೆ ತೊಂದರೆಯಾದವರು ತಾವಾಗಿ ಹೋಗಿ ಹೇಳುವ ಜಾಗ ಮೆನುವಿನಲ್ಲಿರಲಿ. ನಕ್ಷತ್ರದ ಜೊತೆ ಏನೇನು ಹೋಗುತ್ತದೆ ಎಂಬ ಎರಡು ಸಾಲು ಕನ್ನಡದಲ್ಲಿರಲಿ.

ಅಲ್ಲಿಯವರೆಗೆ ಪ್ರಶಿಕ್ಷಣಾರ್ಥಿಗಳಾದ ನಾವು ಮಾಡಬಹುದಾದ ಕೆಲಸ ಮೂರು. ಒಂದು, ಆನ್‌ಲೈನ್ ಪಾಠದ ಪಾಠಯೋಜನೆಯಲ್ಲೇ ಒಂದು ಸಾಲು ಸೇರಿಸೋಣ: ‘ಕೊನೆಗೆ ಬರುವ ನಕ್ಷತ್ರಗಳು ಕಂಪನಿಯವು, ಅದನ್ನು ಮುಚ್ಚಿ, ಪ್ರಶ್ನೆಯಿದ್ದರೆ ನನ್ನನ್ನೇ ಕೇಳಿ.’ ಎರಡು, ಕೆಲವು ತಂತ್ರಾಂಶಗಳಲ್ಲಿ ಖಾತೆಯ ನಿರ್ವಾಹಕರು ಈ ಸಮೀಕ್ಷೆಯನ್ನು ನಿಲ್ಲಿಸಿಡಬಹುದು. ಶಾಲೆಯ ಖಾತೆಯಲ್ಲಿ ಆ ಅವಕಾಶವಿದ್ದರೆ ಮುಖ್ಯ ಶಿಕ್ಷಕರ ಗಮನಕ್ಕೆ ತರೋಣ. ಮೂರು, ನಮ್ಮದೇ ಗೂಗಲ್ ಫಾರ್ಮ್‌ಗಳಲ್ಲಿ ಅಗತ್ಯವಿಲ್ಲದ ಕಡೆ ಹೆಸರು, ಮೊಬೈಲ್ ಸಂಖ್ಯೆ ಕೇಳುವುದು ಬೇಡ. ವರದಿ ಬರೆದಾದ ಮೇಲೆ ಉತ್ತರಗಳನ್ನು ಅಳಿಸಿಬಿಡೋಣ. ಕಂಪನಿಯಿಂದ ನಾವು ನಿರೀಕ್ಷಿಸುವ ಮರ್ಯಾದೆಯನ್ನು ಮಕ್ಕಳು ನಮ್ಮಿಂದಲೂ ನಿರೀಕ್ಷಿಸಬಹುದಲ್ಲವೇ?