ತೆರೆದಿಟ್ಟ ಬಾಗಿಲು



ಈ ಸಲ ಒಂದು ಪತ್ರದಿಂದಲೇ ಮಾತು ಆರಂಭಿಸುತ್ತೇನೆ. ಬರೆದವರು ಉಡುಪಿ ಕಡೆಯ ಒಬ್ಬ ಗೃಹಿಣಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮನೆಯಲ್ಲಿ ಅತ್ತೆ, ಗಂಡ, ಎರಡು ಮಕ್ಕಳು. ಭಾನುವಾರದ ಆರಾಧನೆ ತಪ್ಪಿಸಿದವರಲ್ಲ. ಸ್ತ್ರೀಯರ ಕೂಟಕ್ಕೆ ಕಾರ್ಯದರ್ಶಿ. ಕ್ರಿಸ್‌ಮಸ್ ಬಂತೆಂದರೆ ಮಕ್ಕಳಿಗೆ ಹಾಡು ಕಲಿಸುವವರೂ ಇವರೇ, ನೆರೆಹೊರೆಗೆ ತಿಂಡಿ ಕಟ್ಟಿ ಕಳಿಸುವವರೂ ಇವರೇ. ನೋಡಿದವರೆಲ್ಲ "ಎಂಥಾ ಭಕ್ತಿ!" ಎನ್ನುತ್ತಾರಂತೆ.

ಆದರೆ ಅವರು ಬರೆಯುವುದು ಹೀಗೆ: "ಅಕ್ಕಾ, ದೇವರಿಗೆ ಪೂರ್ಣ ಮನಸ್ಸು ಕೊಡಬೇಕು ಅಂತ ಕೂಟದಲ್ಲಿ ಎದ್ದು ನಿಂತು ಹೇಳುವವಳು ನಾನೇ. ರಾತ್ರಿ ಮೊಣಕಾಲೂರಿದರೆ ಮಾತ್ರ ಮನಸ್ಸು ನಾಳೆಯ ದೋಸೆ ಹಿಟ್ಟಿನ ಮೇಲೆ, ಮಗಳ ಫೀಸಿನ ಮೇಲೆ. ಒಳಗೆ ಬರೀ ಬೂದಿ. ನಾನು ನಟನೆ ಮಾಡುತ್ತಿದ್ದೇನೆಯೋ ಏನೋ? ಪೂರ್ಣ ಮನಸ್ಸು ಕೊಟ್ಟವರೆಲ್ಲ ಮನೆ ಬಿಟ್ಟು ಸೇವೆಗೆ ಹೋದವರೇ ಅಲ್ಲವಾ? ಮಕ್ಕಳನ್ನು ಕಟ್ಟಿಕೊಂಡ ನನ್ನಂಥವಳು ಮಾಡುವುದು ಹೇಗೆ?"

ಪತ್ರ ಬಂದು ಎರಡು ಸಂಚಿಕೆ ಕಳೆಯಿತು. ಉಪ್ಪಿನಕಾಯಿ ಯಾಕೆ ಬೂಷ್ಟು ಹಿಡಿಯಿತು ಎಂದು ಕೇಳಿದರೆ ಆ ಹೊತ್ತಿಗೇ ಉತ್ತರ ಬರೆಯಬಹುದು. ಇಂಥ ಪ್ರಶ್ನೆಗೆ ಬರೆಯುವುದು ಸುಲಭವಲ್ಲ. ಹಾಗಾಗಿ ನನ್ನ ಬುದ್ಧಿಮಾತಿನ ಬದಲು ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ಪತ್ರ ಬರೆದ ಸೋದರಿಯ ಊರಿಗೆ ಬಹಳ ದೂರವಲ್ಲದ ಕಡೆ, ಕಾರ್ಕಳದ ಮಾಳದ ಮೇಲಿನ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ಹುಟ್ಟಿದವರು ಅವರು. ಪಂಡಿತಾ ರಮಾಬಾಯಿ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜಾತಿಯವರ ವಿರೋಧ ಕಟ್ಟಿಕೊಂಡು, ಕಾಡಿನ ನಡುವೆ ಆಶ್ರಮ ಮಾಡಿಕೊಂಡಿದ್ದರು. ರಮಾ ಆರು ತಿಂಗಳ ಕೂಸಾಗಿದ್ದಾಗ ಮನೆಮಂದಿಯೆಲ್ಲ ಊರು ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಕೂಸನ್ನು ಘಟ್ಟದಿಂದ ಇಳಿಸಿದರಂತೆ. ಆಮೇಲೆ ಆಕೆಗೆ ಊರೂರೇ ಮನೆ, ತಾಯಿಯೇ ಶಾಲೆ. ಪುರಾಣ ಹೇಳುತ್ತಾ, ದಾನ ಮಾಡುತ್ತಾ, ವ್ರತ ಹಿಡಿಯುತ್ತಾ ನಡೆದ ಸಂಸಾರ ಅದು. 1870ರ ದಶಕದ ಬರಗಾಲದಲ್ಲಿ ಅನ್ನವಿಲ್ಲದೆ ತಂದೆ ಹೋದರು, ತಾಯಿ ಹೋದರು, ಅಕ್ಕನೂ ಹೋದಳು. ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ಈಕೆ. ಉತ್ತರದ ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ನದಿಯ ಮರಳಿನಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೆ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದನ್ನು ಆಕೆಯೇ ಬರೆದಿದ್ದಾರೆ. ಓದುವಾಗ ಕೈಯಲ್ಲಿದ್ದ ಕಾಫಿ ಕುಡಿಯಲು ಮನಸ್ಸಾಗುವುದಿಲ್ಲ.

1878ರಲ್ಲಿ ಇಬ್ಬರೂ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ ಹೆಣ್ಣುಮಗಳ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು, ಅದೂ ಬೇರೆ ಜಾತಿ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾ ಬಂದು ಗಂಡನೂ ಹೋದರು. ಇಪ್ಪತ್ತಮೂರರ ವಿಧವೆ, ಸೊಂಟದಲ್ಲೊಂದು ಮಗು. ಮಕ್ಕಳನ್ನು ಕಟ್ಟಿಕೊಂಡವಳು ಮಾಡುವುದು ಹೇಗೆ ಎಂದು ಕೇಳಿದಿರಲ್ಲ ಸೋದರಿ, ಇಲ್ಲಿಂದ ಮುಂದೆ ಕೇಳಿ.

ಗಂಡನ ಮನೆಯಲ್ಲಿದ್ದಾಗಲೇ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಆಕೆಯ ಕೈಗೆ ಸಿಕ್ಕಿತ್ತು. 1883ರಲ್ಲಿ ವೈದ್ಯಶಾಸ್ತ್ರ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಜತೆ ಇದ್ದರು. ಅವರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ದಾರಿತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯ ನಡೆಸುತ್ತಿದ್ದರು. ಅಲ್ಲಿ ಆ ಹೆಂಗಸರನ್ನು ಆದರದಿಂದ ನೋಡಿಕೊಳ್ಳುವುದನ್ನು ಕಂಡು ರಮಾಬಾಯಿಗೆ ಆಶ್ಚರ್ಯ. "ಇಂಥವರ ಮೇಲೆ ಇಷ್ಟು ಅಕ್ಕರೆ ಯಾಕೆ?" ಎಂದು ವಿಚಾರಿಸಿದರು. ಸನ್ಯಾಸಿನಿಯೊಬ್ಬರು ಬಾವಿಯ ಬಳಿ ಯೇಸು ಸ್ವಾಮಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆ ಹೇಳಿದರು. ಊರೆಲ್ಲ ದೂರವಿಟ್ಟವಳ ಹತ್ತಿರ ಕುಡಿಯಲು ನೀರು ಕೇಳಿದ ದೇವರು! ಅದು ಆಕೆಯ ಮನಸ್ಸಿಗೆ ನಾಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ನಿಮಗೆ ಹೇಳುತ್ತಿರಲಿಲ್ಲ.

ಈಗ ನಮ್ಮ ಸೋದರಿಯ ಪ್ರಶ್ನೆಗೆ ಬರೋಣ. ದೀಕ್ಷಾಸ್ನಾನ ಆಯಿತು. ಆಮೇಲೆ ರಮಾಬಾಯಿ ಸುಮ್ಮನೆ ಕೂತರೇ? ಇಲ್ಲ. ಅಮೆರಿಕಕ್ಕೆ ಹೋಗಿ 1887ರಲ್ಲಿ ನಮ್ಮ ಮೇಲ್ಜಾತಿಯ ಹೆಣ್ಣುಮಕ್ಕಳ ಬವಣೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಊರೂರು ಭಾಷಣ ಮಾಡಿ ಹಣ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ದೊಡ್ಡ ಭಕ್ತಿ ಬೇಕೇ?

ಆದರೆ 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ರಮಾಬಾಯಿ ಏನು ಹೇಳುತ್ತಾರೆ ಗೊತ್ತೇ? ತನಗೆ ದೀಕ್ಷೆಯಾದಾಗ ಸಿಕ್ಕಿದ್ದು ಒಂದು ಮತ; ಆ ಮತದ ಒಡೆಯ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಬರೆಯುತ್ತಾರೆ. ಒಳಗೆ ಸಮಾಧಾನವಿರಲಿಲ್ಲ. ಆ ಹೊತ್ತಿಗೆ ವಿಲಿಯಂ ಹಸ್ಲಾಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಓದಿದರು. ಆ ಪಾದ್ರಿಯೂ ವರ್ಷಗಟ್ಟಲೆ ಇತರರಿಗೆ ಬೋಧಿಸಿ, ಕೊನೆಗೆ 1851ರಲ್ಲಿ ಒಂದು ದಿನ ತನ್ನದೇ ಪೀಠದಲ್ಲಿ ನಿಂತು ಪ್ರಸಂಗ ಮಾಡುತ್ತಿದ್ದಾಗ ತಾನೇ ಮನಸ್ಸು ತಿರುಗಿದವನು! ರಮಾಬಾಯಿಗೆ ತನ್ನ ಕೊರತೆ ಏನೆಂದು ಹೊಳೆಯಿತು. ತನ್ನ ಕೆಲಸ, ತನ್ನ ಪಾಂಡಿತ್ಯ, ತನ್ನ ತ್ಯಾಗ ಎಲ್ಲ ದೇವರ ಮುಂದೆ ಲೆಕ್ಕ ಒಪ್ಪಿಸುವುದಕ್ಕೆ ಅಲ್ಲ. ಬರಿಗೈಯಲ್ಲಿ ಹೋಗಬೇಕು, ಹೋದರೆ ಆತ ಸೇರಿಸಿಕೊಳ್ಳುತ್ತಾನೆ, ಅಷ್ಟೇ. ಅದು 1891ರ ಸುಮಾರಿಗೆ. ಅಂದರೆ ದೀಕ್ಷೆಯಾಗಿ ಎಂಟು ವರ್ಷದ ಮೇಲೆ.

ಎಂಟು ವರ್ಷ ಸೋದರಿ! ಪಂಡಿತಾ ಎನಿಸಿಕೊಂಡವರಿಗೇ ಅಷ್ಟು ಕಾಲ ಹಿಡಿಯಿತು. ಆ ಎಂಟು ವರ್ಷ ಅವರು ನಟನೆ ಮಾಡುತ್ತಿದ್ದರೆನ್ನೋಣವೇ? ನನಗೆ ಹಾಗೆನಿಸುವುದಿಲ್ಲ. ಅಕ್ಕಿ ನೆನೆಹಾಕಿದ ಮೇಲೆ ಹಿಟ್ಟಾಗುವವರೆಗೆ ಒಂದು ರಾತ್ರಿ ಕಾಯಬೇಕು. ಅದು ಕೆಟ್ಟ ಅಕ್ಕಿಯೆಂದು ಯಾರೂ ಚೆಲ್ಲುವುದಿಲ್ಲ.

ಇನ್ನು ಪೂರ್ಣ ಮನಸ್ಸು ಕೊಟ್ಟ ಮೇಲೆ ಏನಾಯಿತು? ಸುಖ ಬಂತೆಂದು ತಿಳಿಯಬೇಡಿ. ಮೊದಲು ಬಂದದ್ದು ನಷ್ಟ. ಶಾರದಾ ಸದನದಲ್ಲಿ ಯಾರಿಗೂ ಮತಬೋಧೆ ಮಾಡುವುದಿಲ್ಲ ಎಂದು ಆಕೆ ಮಾತು ಕೊಟ್ಟಿದ್ದರು. ಅಲ್ಲಿನ ಹುಡುಗಿಯರು ತಮ್ಮ ತಮ್ಮ ಆಚಾರದಂತೆ ಇದ್ದರು. ಆದರೆ ಬೆಳಿಗ್ಗೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಯಾರನ್ನೂ ಕರೆಯಲಿಲ್ಲ, ಬಂದು ಕುಳಿತವರನ್ನು ಏಳಿಸಲೂ ಇಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಪುಣೆಯಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿರಿಯರು ಸಲಹಾ ಸಮಿತಿ ಬಿಟ್ಟರು. ಹಲವು ಮನೆಯವರು ಮಕ್ಕಳನ್ನು ಕರೆದುಕೊಂಡು ಹೋದರು. ಅವರ ಆಕ್ಷೇಪಣೆಯಲ್ಲೂ ಹುರುಳಿಲ್ಲದಿರಲಿಲ್ಲ. ನಂಬಿ ಕಳಿಸಿದ ತಂದೆತಾಯಿಯ ಸಂಕಟ ನಮಗೂ ಅರ್ಥವಾಗುತ್ತದೆ. ಆದರೆ ಕದ್ದು ಪ್ರಾರ್ಥನೆ ಮಾಡುವುದು ಮಾತ್ರ ರಮಾಬಾಯಿಗೆ ಒಗ್ಗಲಿಲ್ಲ. ಒಳಗೊಂದು ಹೊರಗೊಂದು ಇರಕೂಡದು ಎಂದು ಬಾಗಿಲು ತೆರೆದೇ ಇಟ್ಟರು. ಅದರ ಬೆಲೆಯನ್ನೂ ತೆತ್ತರು.

1896-97ರಲ್ಲಿ ಮಧ್ಯ ಪ್ರಾಂತಗಳಲ್ಲಿ ಬರ ಬಿತ್ತು. ಹಸಿವೆಂದರೆ ಏನೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾವೇ ಹೋಗಿ, ಎಲುಬು ಕಾಣುವ ಹುಡುಗಿಯರನ್ನು ತಂಡ ತಂಡವಾಗಿ ಕರೆತಂದರು. ಪುಣೆಯಾಚೆ ಕೇಡಗಾಂವ್ ಎಂಬಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗೆ ನೆಲೆಯಾಯಿತು. ಅದೇ 'ಮುಕ್ತಿ'. ಗುಜರಾತಿನಲ್ಲಿ 1900ರಲ್ಲಿ ಬರ ಬಂದಾಗ ಮತ್ತಷ್ಟು ಮಂದಿ ಸೇರಿ ಸಂಖ್ಯೆ ಸಾವಿರ ಮೀರಿತು. ಒಂದು ಹೊತ್ತಿಗೆ ಸಾವಿರ ಜನಕ್ಕೆ ಅಡುಗೆ! ನಾಲ್ಕು ಜನ ನೆಂಟರು ಬಂದರೆ ನಮಗೆ ಕೈಕಾಲು ಆಡುವುದಿಲ್ಲ.

ಅಲ್ಲಿ ಪ್ರಾರ್ಥನೆ ಇತ್ತು, ಬಹಳ ಇತ್ತು. ಪ್ರಾರ್ಥನೆಯ ಜತೆಗೆ ನೇಯ್ಗೆ ಇತ್ತು, ಹೊಲಿಗೆ ಇತ್ತು, ಹಸುಗಳಿದ್ದವು, ಎಣ್ಣೆ ಗಾಣ ಇತ್ತು, ಬಟ್ಟೆ ಒಗೆಯುವ ಕೆಲಸ ಇತ್ತು, ಅಚ್ಚುಕೂಟ ಇತ್ತು. ಕುರುಡು ಹುಡುಗಿಯರಿಗೆ ಬೇರೆ ವ್ಯವಸ್ಥೆ. ಎಲ್ಲರೂ ಕೈಬಿಟ್ಟ ಹೆಂಗಸರಿಗೆ 1899ರಲ್ಲಿ 'ಕೃಪಾ ಸದನ'. ಫುಲ್‌ಹ್ಯಾಮಿನಲ್ಲಿ ಕಂಡು ಬೆರಗಾದದ್ದನ್ನು ಹದಿನಾರು ವರ್ಷದ ಮೇಲೆ ಸ್ವಂತ ಕೈಯಿಂದ ಮಾಡಿದರು. ಮನೋರಮಾ ದೊಡ್ಡವಳಾಗಿ ತಾಯಿಯ ಬಲಗೈಯಾದಳು. ನಮ್ಮ ಗುಲ್ಬರ್ಗದಲ್ಲೂ, ಈಗಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳ ಶಾಲೆ ನಡೆಸಿದಳು.

ಕೊನೆಯ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಓದು ಕಲಿತು ಹೆಚ್ಚು ದಿನವಾಗದ ಹಳ್ಳಿ ಹೆಂಗಸಿಗೂ ತಿಳಿಯುವಂಥ ಮರಾಠಿಯಲ್ಲಿ ಬೈಬಲ್ ಇರಬೇಕೆಂದು, ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ತಾವೇ ಅನುವಾದಕ್ಕೆ ಕುಳಿತರು. ಮುಕ್ತಿಯ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ವರ್ಷಗಟ್ಟಲೆ ನಡೆದ ಕೆಲಸ. 1921ರಲ್ಲಿ, ಇನ್ನೂ ಕೆಲಸ ಬಾಕಿಯಿರುವಾಗಲೇ, ಮನೋರಮಾ ತೀರಿಕೊಂಡಳು. ಇದ್ದ ಒಬ್ಬಳೇ ಮಗಳು. ತಾಯಿ ಮತ್ತೆ ಹಸ್ತಪ್ರತಿಯ ಮುಂದೆ ಕುಳಿತರು. ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಮುಕ್ತಿ ಇವತ್ತಿಗೂ ಕೇಡಗಾಂವಿನಲ್ಲಿದೆ.

ಈಗ ನಿಮ್ಮ ಪತ್ರಕ್ಕೆ ಉತ್ತರ, ಸೋದರಿ.

ಮೊದಲನೆಯದು, ಒಳಗೆ ಬೂದಿ ಎಂದಿರಿ. ಬೂದಿ ಎಂದು ನಿಮಗೆ ತಿಳಿದಿದೆಯಲ್ಲ, ಅದೇ ಒಳ್ಳೆಯ ಲಕ್ಷಣ. ನಟಿಸುವವಳು ಹೀಗೆ ಪತ್ರ ಬರೆಯುವುದಿಲ್ಲ. ಇದನ್ನೇ ಇವತ್ತು ರಾತ್ರಿ ದೇವರ ಮುಂದೆ ಹೇಳಿ. "ಕರ್ತನೇ, ನನ್ನ ಹತ್ತಿರ ಭಕ್ತಿ ಇಲ್ಲ, ಬರಿಗೈಯಲ್ಲಿ ಬಂದಿದ್ದೇನೆ" ಎಂದರೆ ಸಾಕು. ಚೆಂದದ ಮಾತು ಕೂಟಕ್ಕೆ ಇರಲಿ. ದೋಸೆ ಹಿಟ್ಟು, ಫೀಸು ನೆನಪಾದರೆ ಅದನ್ನೂ ಹೇಳಿಬಿಡಿ. ಮನೆಯವನ ಹತ್ತಿರ ಹೇಳುವುದಿಲ್ಲವೇ?

ಎರಡನೆಯದು, ಮನೆ ಬಿಡಬೇಕೆಂದು ಯಾರು ಹೇಳಿದರು? ರಮಾಬಾಯಿ ಮನೆ ಬಿಟ್ಟವರಲ್ಲ. ಇದ್ದ ಮನೆಯೆಲ್ಲ ಕಳೆದುಕೊಂಡು, ಸಾವಿರ ಮಂದಿಗೆ ಮನೆ ಮಾಡಿಕೊಟ್ಟವರು. ನಿಮಗೆ ಸಾವಿರ ಬೇಡ, ಒಬ್ಬರು ಸಾಕು. ನಿಮ್ಮ ಬೀದಿಯಲ್ಲಿ ಯಾರೂ ಮಾತಾಡಿಸದ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ಗಂಡ ಬಿಟ್ಟವಳೋ, ಹೆಸರು ಕೆಟ್ಟವಳೋ. ಅವಳ ಬಾಗಿಲು ತಟ್ಟಿ, "ಒಂದು ಲೋಟ ನೀರು ಕೊಡುತ್ತೀರಾ?" ಎಂದು ಕೇಳಿ. ಕೊಡಲು ಹೋಗುವುದಕ್ಕಿಂತ ಕೇಳಲು ಹೋಗುವುದು ದೊಡ್ಡದು; ಬಾವಿಯ ಬಳಿ ನಿಮ್ಮ ಸ್ವಾಮಿ ಮಾಡಿದ್ದೂ ಅದನ್ನೇ.

ಮೂರನೆಯದು, ಒಂದು ಎಚ್ಚರಿಕೆ. ಪೂರ್ಣ ಮನಸ್ಸು ಎಂದರೆ ಸ್ವಂತ ಬುದ್ಧಿ ಇನ್ನೊಬ್ಬರ ಕೈಗೆ ಕೊಡುವುದಲ್ಲ. ರಮಾಬಾಯಿ ಇಂಗ್ಲೆಂಡಿನಲ್ಲಿದ್ದಾಗ ತಮ್ಮನ್ನು ಸಾಕಿದ ಸನ್ಯಾಸಿನಿಯರೊಡನೆಯೂ, ಸಭೆಯ ದೊಡ್ಡವರೊಡನೆಯೂ ವಾದ ಮಾಡಿದರು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಮನಸ್ಸು ದೇವರಿಗೆ ಕೊಟ್ಟರೇ ಹೊರತು ದೇವರ ಹೆಸರಿನಲ್ಲಿ ಕೇಳಿದವರಿಗೆಲ್ಲ ಕೊಡಲಿಲ್ಲ.

ಕೊನೆಗೆ ಒಂದು ಸಣ್ಣ ಮಾತು. ರಾತ್ರಿ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಮುಚ್ಚುತ್ತೀರೇನೋ, ಮಕ್ಕಳ ಗಲಾಟೆ ಎಂದು. ಒಂದು ವಾರ ತೆರೆದಿಟ್ಟು ನೋಡಿ. ಮಗಳು ಒಳಗೆ ಬಂದು "ಅಮ್ಮಾ, ನಾಳೆ ಫೀಸು" ಎನ್ನಬಹುದು. ಎನ್ನಲಿ. ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ ಏನಾಯಿತೆಂದು ನನಗೊಂದು ಕಾಗದ ಹಾಕಿ.

ಉಳಿದ ಸೋದರಿಯರೇ, ನಿಮ್ಮ ದೇವರ ಹೆಸರು ಬೇರೆ ಇರಬಹುದು. ಆದರೂ ಅರ್ಧ ಮನಸ್ಸಿನ ಕಷ್ಟ ಯಾರಿಗಿಲ್ಲ ಹೇಳಿ? ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ.

ಇಂತಿ,
ನಿಮ್ಮ ಅಕ್ಕ