ಕೃತಕಸೂರ್ಯನ ಪಾತ್ರೆಗೆ ಕಲಾಯಿ

ಹಿಂದೆ ನಮ್ಮ ಕಳಲೆಗೆ ಕಲಾಯಿಯವನು ಬಂದು ಬೀದಿಯ ಕೊನೆಯಲ್ಲಿ ತಿದಿಯನ್ನು ಹೂಡುತ್ತಿದ್ದನು. ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರದಿಂದ ಕೊಳೆಯನ್ನು ತೆಗೆದ ಮೇಲೆಯೇ ಅವನು ತವರವನ್ನು ಸವರುತ್ತಿದ್ದುದು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿಯು ಕಿಲುಬೇರಿದರೆ ಒಲೆಯನ್ನು ಬೈದು ಫಲವಿಲ್ಲ. ಈ ಪಾಠವನ್ನು ಈಗಿನ ವಿಜ್ಞಾನಿಗಳೂ ಕಲಿಯಬೇಕಾಯಿತು.

ಸೂರ್ಯನಲ್ಲಿ ಜಲಜನಕದ ಪರಮಾಣುಬೀಜಗಳು ಬೆಸೆದುಕೊಂಡು ಶಕ್ತಿಯು ಹುಟ್ಟುವುದಷ್ಟೆ. ಆ ವಿದ್ಯೆಯನ್ನು ಸಾಧಿಸುವುದಕ್ಕಾಗಿ ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮ ಸಂಶೋಧನಾ ಸಂಸ್ಥೆಯಲ್ಲಿ ೧೯೮೯ರಲ್ಲಿ ‘ಆದಿತ್ಯ’ವೆಂಬ ಯಂತ್ರವನ್ನು ನಡೆಸತೊಡಗಿದರು. ಬಳೆಯಾಕಾರದ ಲೋಹಪಾತ್ರೆಯೊಳಗೆ ಅತಿಯಾಗಿ ಕಾದ ಜಲಜನಕವನ್ನು, ಎಂದರೆ ಪ್ಲಾಸ್ಮವನ್ನು, ಅಯಸ್ಕಾಂತಶಕ್ತಿಯಿಂದ ಹಿಡಿದು ನಿಲ್ಲಿಸುವುದು ಅದರ ಕ್ರಮ. ಹೆಸರೇನೋ ಸೊಗಸಾಗಿದೆ, ಆದರೆ ಅದಿತಿಯ ಮಗನಾದ ಆದಿತ್ಯನಿಗೆ ಪಾತ್ರೆಯ ಗೊಡವೆಯಿಲ್ಲ. ತನ್ನ ಭಾರದಿಂದಲೇ ತನ್ನ ಬೆಂಕಿಯನ್ನು ಅವನು ಹಿಡಿದಿಟ್ಟಿದ್ದಾನೆ. ಮನುಷ್ಯನ ಆದಿತ್ಯನಿಗೆ ಗೋಡೆ ಬೇಕು.

ಇಷ್ಟು ಕಾವಿಗೆ ಗೋಡೆ ಕರಗೀತೆಂದು ವಾಚಕರು ಅಂಜಬಹುದು. ಗೋಡೆಗೆ ಹಾನಿ ತಟ್ಟುವುದೂ ಉಂಟು. ಆದರೆ ಮೊದಲು ಕೆಡುವುದು ಬೆಂಕಿಯೇ. ಆ ಪ್ಲಾಸ್ಮವು ನಾವು ಉಸಿರಾಡುವ ಗಾಳಿಗಿಂತ ಲಕ್ಷಪಾಲಿಗೂ ಮಿಗಿಲಾಗಿ ವಿರಳವಾದುದು. ಲೋಹದ ಮೈಗೆ ಅಂಟಿದ ನೀರಿನ ಪಸೆ, ಆಮ್ಲಜನಕ, ಇಂಗಾಲ ಇವು ಕಿಂಚಿತ್ತು ಬೆರೆತರೂ ಅದರ ಕಾವನ್ನು ಬೆಳಕಾಗಿ ಹೊರಕ್ಕೆ ಚೆಲ್ಲಿಬಿಡುತ್ತವೆ.

ಆದ್ದರಿಂದ ಮೊದಲು ಪಾತ್ರೆಯನ್ನು ಕಾಯಿಸಿ ಪಸೆಯನ್ನು ಓಡಿಸುತ್ತಾರೆ. ಬಳಿಕ ಸ್ವಲ್ಪವೇ ಜಲಜನಕವನ್ನು ಬಿಟ್ಟು ಕೆಲವು ನೂರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದರೆ ಒಳಗೆ ಮಂದವಾದ ಹೊಳಪು ಹುಟ್ಟುತ್ತದೆ. ಅದರ ಕಣಗಳು ಗೋಡೆಗೆ ಬಡಿಯಲು, ಅಲ್ಲಿಯ ಆಮ್ಲಜನಕವು ನೀರಾವಿಯಾಗಿಯೂ ಇಂಗಾಲವು ಮೀಥೇನ್ ಆಗಿಯೂ ಬಿಟ್ಟುಬರುತ್ತವೆ. ಪಂಪುಗಳು ಅವನ್ನು ಹೊರಕ್ಕೆ ಸೆಳೆಯುತ್ತವೆ. ಇದು ನವಸಾಗರದ ಕೆಲಸ. ತವರದ ಸ್ಥಾನದಲ್ಲಿರುವುದು ಬೋರಾನ್ ಅಥವಾ ಲಿಥಿಯಮ್ಮಿನ ಲೇಪ. ಕೂದಲೆಳೆಯ ನೂರರಲ್ಲೊಂದು ಪಾಲಿಗಿಂತಲೂ ತೆಳುವಾದುದು. ಲಿಥಿಯಮ್ಮು ತನಗೆ ತಾಗಿದ ಜಲಜನಕವನ್ನು ಕುಡಿದುಬಿಡುವುದರಿಂದ, ತಣ್ಣಗಾದ ವಾಯುವು ಹಿಂದಿರುಗಿ ಬೆಂಕಿಯ ಅಂಚನ್ನು ಆರಿಸುವುದೂ ತಪ್ಪುತ್ತದೆ. ೧೯೯೧ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿರುವ ಡಿ-ಥ್ರೀ-ಡಿ ಯಂತ್ರದಲ್ಲಿ ಬೋರಾನ್ ಲೇಪದ ಬಳಿಕ, ಕಾವು ನಿಲ್ಲುವ ಕಾಲವು ಅದುವರೆಗಿನ ಉತ್ತಮಸ್ಥಿತಿಗಿಂತ ಹತ್ತಿರಹತ್ತಿರ ಎರಡರಷ್ಟಾಯಿತು. ಯಂತ್ರವೂ ಅದೇ, ಅಯಸ್ಕಾಂತಗಳೂ ಅವೇ!

ಫ್ರಾನ್ಸಿನಲ್ಲಿ ಭಾರತವೂ ಪಾಲುಗೊಂಡು ಕಟ್ಟುತ್ತಿರುವ ಈಟರ್ ಯಂತ್ರದ ಒಳಗೋಡೆಗೆ ಮೊದಲು ಬೆರಿಲಿಯಮ್ಮನ್ನು ಗೊತ್ತುಮಾಡಿದ್ದರು. ೨೦೨೪ರ ಹೊಸ ಯೋಜನೆಯಲ್ಲಿ ಅದನ್ನು ಬಿಟ್ಟು ಟಂಗ್‌ಸ್ಟನ್ನನ್ನು ಹಿಡಿದರು. ಇದು ಗಟ್ಟಿಯಾದ ಲೋಹ, ನಿಜ. ಆದರೆ ಇದರ ಭಾರವಾದ ಕಣಗಳು ಒಳಹೊಕ್ಕರೆ ಬೆಂಕಿಗೆ ಇನ್ನೂ ಕೇಡು. ಆದಕಾರಣ ಬೋರಾನ್ ಲೇಪದ ಏರ್ಪಾಡೂ ಜೊತೆಗೆ ಸೇರಿತು. ಲೇಪವೋ ಸವೆಯತಕ್ಕದ್ದು. ಎಡೆಬಿಡದೆ ಉರಿಯಬೇಕಾದ ಒಲೆಯನ್ನು ಕಲಾಯಿಗೆಂದು ಮೇಲಿಂದ ಮೇಲೆ ಆರಿಸಲಾದೀತೆ? ಹುಳಿ ಕುದಿಯುತ್ತಿರುವ ಪಾತ್ರೆಗೆ ಕಲಾಯಿ ಹಾಕೆಂದಿದ್ದರೆ ನಮ್ಮವನು ತಿದಿಯನ್ನು ಮಡಚಿಕೊಂಡು ಹೊರಟೇಹೋಗುತ್ತಿದ್ದನು. ಆದರೂ ಉರಿಯುವ ಪ್ಲಾಸ್ಮದ ಮೇಲೆಯೇ ಬೋರಾನ್ ಪುಡಿಯನ್ನು ಉದುರಿಸಿ, ಅದು ಗೋಡೆಯನ್ನು ಸೇರುವಂತೆ ಮಾಡುವ ಪರೀಕ್ಷೆಗಳು ಕೆಲವು ಯಂತ್ರಗಳಲ್ಲಿ ಈಗಾಗಲೇ ನಡೆದಿವೆ.