ಬಾಣಂತಿಗೆ ಮೊದಲು ನೀರು ಕೊಡಿ

ಸುದ್ದಿಗೆಂದು ಹಳ್ಳಿ ಸುತ್ತುವ ನಮಗೆ ಯಾವ ಮನೆಗೆ ಹೋದರೂ ಮೊದಲು ಸಿಗುವುದು ಒಂದು ಚೊಂಬು ನೀರು. ಅದೇ ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ಮಲಗಿಸಿರುವ ಬಾಣಂತಿಗೆ ಮಾತ್ರ ಅದಿಲ್ಲ. ಊಟದ ಜೊತೆ ಅರ್ಧ ಲೋಟ ಬಿಸಿನೀರು, ಅಷ್ಟೇ. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದಂತೆ, ಮಗುವಿಗೆ ಶೀತವಾಗುತ್ತದಂತೆ, ಸಿಸೇರಿಯನ್ ಆಗಿದ್ದರೆ ಹೊಲಿಗೆ ಕೀವಾಗುತ್ತದಂತೆ.

ಎದೆಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರೇ ಇದೆ. ಆ ನೀರು ತಾಯಿಯ ಮೈಯಿಂದಲೇ ಹೋಗಬೇಕು. ಬಾಯಾರಿಕೆ ತಡೆದುಕೊಂಡವಳಿಗೆ ಮಲಬದ್ಧತೆ, ಉರಿಮೂತ್ರ, ತಲೆನೋವು. ಅವಳು ನರಳಿದರೆ ‘ನಾವೇನು ಹೆತ್ತಿಲ್ಲವಾ’ ಎಂಬ ಮಾತು. ಇನ್ನೊಂದು ಕಡೆ ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ಹನಿ ನೀರೂ ಬೇಡದ ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ, ಬಜೆ. ಬೇಡದವರಿಗೆ ಕುಡಿಸಿ, ಬೇಕಾದವರಿಗೆ ತಪ್ಪಿಸುವುದನ್ನೇ ನಾವು ಬಾಣಂತನ ಎಂದು ಕರೆಯುತ್ತಿದ್ದೇವೆ.

ಹಾಗಂತ ಬಾಣಂತನವೇ ಬೇಡ ಎನ್ನುವವರು ನಾವಲ್ಲ. ತಿಂಗಳುಗಟ್ಟಲೆ ಕೆಲಸ ಮುಟ್ಟಿಸದೆ, ಎಣ್ಣೆ ಹಚ್ಚಿ ನೀರೆರೆದು, ಬಿಸಿ ಊಟ ಹಾಕುವ ತವರಿಗಿಂತ ದೊಡ್ಡ ಆಸ್ಪತ್ರೆ ಯಾವುದಿದೆ? ಅದು ಸಿಗದ ಕೂಲಿ ಹೆಂಗಸರು ತಿಂಗಳು ತುಂಬುವ ಮೊದಲೇ ಕಳೆ ಕೀಳಲು ಹೋಗುವುದನ್ನೂ ನೋಡಿದ್ದೇವೆ. 26 ವಾರದ ಹೆರಿಗೆ ರಜೆ ಅವರ ಹೊಲಕ್ಕೆ ಬಂದಿಲ್ಲ. ನಮ್ಮ ತಕರಾರು ನೀರು ತಪ್ಪಿಸುವುದರ ಬಗ್ಗೆ, ಗಾಳಿಯಾಡದ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಹಾಕಿ ಎಳೆಗೂಸಿನ ಉಸಿರಿಗೆ ಕುತ್ತು ತರುವುದರ ಬಗ್ಗೆ.

ಸರ್ಕಾರದ ಕಡೆಯಿಂದ ಯಾರೂ ಬರುವುದಿಲ್ಲ ಎನ್ನುವಂತಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮಗುವಿನ ತೂಕ, ಜ್ವರ ನೋಡಬೇಕು. ತಾಯಿ ದಿನಕ್ಕೆ ಎಷ್ಟು ಸಲ ಉಣ್ಣುತ್ತಾಳೆ, ರಕ್ತಸ್ರಾವ ಹೇಗಿದೆ ಎಂದೂ ಕೇಳಬೇಕು. ಕೇಳುತ್ತಾರೆ ಕೂಡ. ಆದರೆ ಉತ್ತರ ಹೇಳುವವರು ಬಾಗಿಲಲ್ಲಿ ಕೂತ ಅಜ್ಜಿ: ‘ಎಲ್ಲಾ ಚೆನ್ನಾಗೈತೆ ಕಣವ್ವ, ಬರ್ಕೊ.’ ಇನ್ನು ಹೆಸರು ಬರೆಸಿದ್ದು ಗಂಡನ ಊರಲ್ಲಿ, ಬಾಣಂತನ ತವರಲ್ಲಿ ಎಂದಾದರೆ ಇಬ್ಬರು ಆಶಾಗಳ ನಡುವೆ ಅವಳು ಕಳೆದೇ ಹೋಗುತ್ತಾಳೆ.

2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯನ್ನೇ ನೋಡಿ. ಮಧ್ಯಾಹ್ನದ ಊಟ ಒಳ್ಳೆಯದೇ. ಆದರೆ ಬಾಣಂತಿ ಅಂಗನವಾಡಿಗೆ ಬಂದು ಉಣ್ಣಬೇಕು ಎಂದು ನಿಯಮ ಮಾಡಿದರು. ಹೊಸ್ತಿಲು ದಾಟಬೇಡ ಎಂದು ಮನೆಯವರು, ದಾಟಿ ಬಾ ಎಂದು ಇಲಾಖೆ. ಕೊರೊನಾ ಕಾಲದಲ್ಲಿ ಅದೇ ಆಹಾರ ಸಾಮಗ್ರಿ ಮನೆಗೆ ಹೋಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದು ಅಲ್ಲಿಗೆ ಗೊತ್ತಾಯಿತಲ್ಲ?

ಮೈಗಿಂತ ಮನಸ್ಸಿನ ಕಥೆ ಕಷ್ಟ. ಸುಮ್ಮನೆ ಅಳುತ್ತಾಳೆ, ಮಗು ಮಲಗಿದರೂ ತಾನು ಮಲಗುವುದಿಲ್ಲ, ಕೂಸನ್ನು ಎತ್ತಿಕೊಳ್ಳಲು ಹೆದರುತ್ತಾಳೆ ಎಂದರೆ ಮನೆಯವರಿಗೆ ಹೊಳೆಯುವುದು ಗಾಳಿ ಸೋಕಿದೆ ಎಂದು. ತಾಯಿತ ಕಟ್ಟಿಸುತ್ತಾರೆ. ತಾಯಿತ ಕಟ್ಟಿಸಿ ಬೇಕಾದರೆ, ಜಗಳವಿಲ್ಲ. ಜೊತೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಒಂದು ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಸಂಬದ್ಧ ಮಾತಾಡುತ್ತಿದ್ದರೆ, ಸಾಯುವ ಮಾತಾಡಿದರೆ, ಫೋನಿಗೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಕಸುಬಿನವರನ್ನೂ ಬಿಡುವಂತಿಲ್ಲ. ಬಾಣಂತಿ ಸತ್ತರೆ ಅರ್ಧ ಗಂಟೆಯಲ್ಲಿ ಫೋಟೊ ಸಮೇತ ಸುದ್ದಿ ಕಳಿಸುತ್ತೇವೆ, ಜಿಲ್ಲಾ ಪುಟದಲ್ಲಿ ಮೂರು ಕಾಲಂ ಸಿಗುತ್ತದೆ. ಬದುಕಿದ್ದು ಬಾಯಾರಿ ಮಲಗಿರುವವಳ ಬಗ್ಗೆ ಬರೆದು ಕಳಿಸಿದರೆ ‘ಮಹಿಳಾ ಪುರವಣಿಗೆ ಇಟ್ಟುಕೊಳ್ಳೋಣ’ ಎನ್ನುತ್ತಾರೆ ಡೆಸ್ಕಿನವರು. ಹೋದ ಬೇಸಿಗೆಯಲ್ಲಿ ಕಳಿಸಿದ್ದು ಇನ್ನೂ ಅಲ್ಲೇ ಇದೆ. ಅದಕ್ಕೇ ಇಲ್ಲಿ ಬರೆದೆವು.